ಒಂದು ಮಗ್ಗುಲಿನ ರಸ್ತೆ

ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆ ಅನಿಲ್ ಕುಂಬ್ಳೆ ವೃತ್ತದಿಂದ ಟ್ರಿನಿಟಿ ವೃತ್ತದವರೆಗೆ, ಪಶ್ಚಿಮದಿಂದ ಪೂರ್ವಕ್ಕೆ, ಹೆಚ್ಚುಕಡಿಮೆ 2 ಕಿ.ಮೀ. ಉದ್ದವಿದೆ. 1948ರ ಫೆಬ್ರುವರಿ 26ರವರೆಗೆ ಅದರ ಹೆಸರು ಸೌತ್ ಪರೇಡ್. ಈಗ ಎಲ್ಲರ ಬಾಯಲ್ಲೂ ಎಂ.ಜಿ. ರೋಡ್. ಪಶ್ಚಿಮದ ತುದಿಯಿಂದ ಕಾಮರಾಜ ರಸ್ತೆ ಕೂಡುವ ಜಾಗದವರೆಗೆ ನಡೆದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅಂಗಡಿ, ಬ್ಯಾಂಕು, ಹೋಟೆಲುಗಳೆಲ್ಲ ಬಲಗಡೆಗೇ ಇವೆ. ಎಡಗಡೆ ಮೆಟ್ರೋ ಕಂಬಗಳ ಸಾಲು, ಅದರಾಚೆ ಸೇನೆಯ ಮೈದಾನ. ರಸ್ತೆ ಹುಟ್ಟಿದ್ದು ಆ ಮೈದಾನದಿಂದ, ಅದರ ಮೊದಲ ಹೆಸರು ಬಂದದ್ದೂ ಅಲ್ಲಿಂದಲೇ.

1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಶ್ರೀರಂಗಪಟ್ಟಣದಲ್ಲಿಯೇ ಬೀಡುಬಿಟ್ಟಿತ್ತು. ಕಾವೇರಿಯ ನಡುಗಡ್ಡೆ, ಸುತ್ತ ಗದ್ದೆ ಬಯಲು, ಎತ್ತ ನೋಡಿದರೂ ಸೊಳ್ಳೆ. ಮಲೇರಿಯಾ ಜ್ವರಕ್ಕೆ ಸೈನಿಕರು ಒಬ್ಬರ ಹಿಂದೊಬ್ಬರು ಬಲಿಯಾದರು. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದ ಬೆಂಗಳೂರಿನ ತಂಪು ಹವೆಯನ್ನು ಕಂಪನಿಯ ಅಧಿಕಾರಿಗಳು ಆ ಮೊದಲೇ ಕಂಡಿದ್ದರು. ಪೂರ್ಣಯ್ಯನವರು ಮೈಸೂರಿನ ದಿವಾನರಾಗಿದ್ದ ಆ ದಿನಗಳಲ್ಲಿ, ಪೇಟೆಯಿಂದ ದೂರಕ್ಕೆ, ಹಲಸೂರು ಕೆರೆಯ ಆಸುಪಾಸಿನ ಬಯಲನ್ನು ಸೇನೆಗೆಂದು ಬಿಟ್ಟುಕೊಡಲಾಯಿತು. 1809ರ ಹೊತ್ತಿಗೆ ಪಡೆಗಳು ಅಲ್ಲಿಗೆ ಬಂದು ನೆಲೆಯೂರಿದವು. ದಂಡುಪ್ರದೇಶದ ನಕ್ಷೆಯನ್ನು ರೂಪಿಸಿದವನು ಮದ್ರಾಸ್ ಸೇನೆಯ ಎಂಜಿನಿಯರ್ ಜಾನ್ ಬ್ಲಾಕಿಸ್ಟನ್.

ಇಂಗ್ಲಿಷಿನವರಿಗೆ ಅದು ಕಂಟೋನ್ಮೆಂಟ್, ಕನ್ನಡದವರಿಗೆ ದಂಡು. ಪೇಟೆಯ ಜನ ಅತ್ತ ಹೋದರೆ ‘ದಂಡಿಗೆ ಹೋಗಿದ್ದೆ’ ಎನ್ನುತ್ತಿದ್ದರು, ಬೇರೊಂದು ಊರಿಗೆ ಹೋಗಿ ಬಂದ ಹಾಗೆ. ಆ ಮಾತಿನಲ್ಲಿ ಉತ್ಪ್ರೇಕ್ಷೆಯೇನೂ ಇರಲಿಲ್ಲ. ಪೇಟೆಯ ಬೀದಿಗಳು ಕುಲಕಸುಬಿನ ಸುತ್ತ ಹೆಣೆದುಕೊಂಡಿದ್ದವು. ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ ಎಂಬ ಹೆಸರುಗಳೇ ಒಳಗೆ ಏನು ನಡೆಯುತ್ತದೆ ಎಂದು ಹೇಳಿಬಿಡುತ್ತವೆ. ದಂಡಿನ ಬೀದಿಗಳು ಸೇನೆಯ ಅಗತ್ಯದ ಸುತ್ತ ಬೆಳೆದವು. ಕಾಲಾಳುಗಳ ನೆಲೆಯ ಬಳಿ ಇನ್‌ಫೆಂಟ್ರಿ ರಸ್ತೆ, ಕುದುರೆ ಸವಾರರ ಕಡೆ ಕ್ಯಾವಲ್ರಿ ರಸ್ತೆ, ಪಡೆಯ ಹೆಸರು ಹೊತ್ತ ಬ್ರಿಗೇಡ್ ರಸ್ತೆ. ಇವೆಲ್ಲದರ ನಡುವೆ ಕವಾಯತಿಗೆಂದು ಬಿಟ್ಟ ವಿಶಾಲ ಬಯಲು, ಪರೇಡ್ ಮೈದಾನ. ಅದರ ದಕ್ಷಿಣದ ಅಂಚಿನಲ್ಲಿ ಸಾಗಿದ ದಾರಿಗೆ ಸೌತ್ ಪರೇಡ್ ಎಂಬ ಹೆಸರು ತಾನಾಗಿಯೇ ಬಂತು. ಈ ಹೆಸರಿನಲ್ಲಿ ರಾಜನಿಲ್ಲ, ಗೌರ್ನರನಿಲ್ಲ. ಇರುವುದು ಒಂದು ದಿಕ್ಕು ಮತ್ತು ಒಂದು ಬಯಲು, ಅಷ್ಟೆ. ಮುಂದೆ ಇದನ್ನು ಬದಲಿಸುವಾಗ ಯಾರ ಸ್ಮಾರಕವನ್ನೂ ಕೀಳಬೇಕಾಗಿ ಬರಲಿಲ್ಲ.

ಮೈದಾನವನ್ನು ಮುಚ್ಚುವಂತಿರಲಿಲ್ಲವಾದ್ದರಿಂದ ಉತ್ತರದ ಮಗ್ಗುಲಲ್ಲಿ ಕಟ್ಟಡ ಏಳಲಿಲ್ಲ. ಅಂಗಡಿಗಳೆಲ್ಲ ದಕ್ಷಿಣದ ಸಾಲಿನಲ್ಲಿ, ಬಯಲಿಗೆ ಮುಖಮಾಡಿ ನಿಂತವು. ಮೊದಲು ಎದ್ದದ್ದು ಚರ್ಚುಗಳು. ಪಶ್ಚಿಮದ ತುದಿಯ ಸಮೀಪ ಸೇಂಟ್ ಮಾರ್ಕ್ಸ್ ಚರ್ಚಿನ ಕೆಲಸ 1808ರಲ್ಲಿ ಶುರುವಾಗಿ 1812ರಲ್ಲಿ ಮುಗಿಯಿತು. ಪಕ್ಕದ ಸೇಂಟ್ ಮಾರ್ಕ್ಸ್ ರಸ್ತೆಗೆ ಹೆಸರು ಬಂದದ್ದು ಅದರಿಂದ. ಪೂರ್ವದ ತುದಿಯಲ್ಲಿ ಶತಮಾನದ ನಡುಭಾಗಕ್ಕೆ ಹೋಲಿ ಟ್ರಿನಿಟಿ ಚರ್ಚು ಬಂತು. ಅದು ಮೊದಲು ವೃತ್ತಕ್ಕೆ, ಬಹಳ ಕಾಲದ ಮೇಲೆ ಮೆಟ್ರೋ ನಿಲ್ದಾಣಕ್ಕೆ ತನ್ನ ಹೆಸರು ಕೊಟ್ಟಿತು. ಎರಡು ಚರ್ಚುಗಳ ನಡುವಿನ ನೇರ ದಾರಿ ಎಂದರೆ ಸೌತ್ ಪರೇಡಿನ ಅಳತೆ ಸರಿಯಾಗಿ ಸಿಕ್ಕಂತೆ.

1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ಕೈಗೆತ್ತಿಕೊಂಡ ಮೇಲೆ ದಂಡಿನ ತೂಕ ಹೆಚ್ಚಿತು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಆಡಳಿತ ನಡೆಸಿದ್ದು ಬೆಂಗಳೂರಿನಿಂದಲೇ. ಮೈದಾನದ ಉತ್ತರದ ಅಂಚಿನ ರಸ್ತೆ ಇವತ್ತಿಗೂ ಅವನ ಹೆಸರಿನಲ್ಲಿದೆ. 1864ರಲ್ಲಿ ಜೋಲಾರಪೇಟೆಯಿಂದ ರೈಲು ಬಂದದ್ದೂ ದಂಡಿಗೇ. ಮದ್ರಾಸಿನೊಂದಿಗೆ ನಂಟು ಗಟ್ಟಿಯಾಗಿ, ಸೇನೆಯ ಬೆನ್ನಿಗೆ ಗುತ್ತಿಗೆದಾರರು, ದರ್ಜಿಗಳು, ಬಟ್ಲರುಗಳು, ವ್ಯಾಪಾರಿಗಳು ಬಂದರು. ದಂಡಿನ ಬೀದಿಗಳಲ್ಲಿ ತಮಿಳು, ಉರ್ದು, ತೆಲುಗು, ಇಂಗ್ಲಿಷ್ ಹೆಚ್ಚು ಕೇಳಿಸುತ್ತಿದ್ದವು, ಕನ್ನಡ ಕಡಿಮೆ. ಪೇಟೆಗೂ ದಂಡಿಗೂ 1862ರಲ್ಲಿ ಬೇರೆ ಬೇರೆ ಪುರಸಭೆಗಳಾದವು. 1870ರಲ್ಲಿ ಎಂಜಿನಿಯರ್ ರಿಚರ್ಡ್ ಸ್ಯಾಂಕಿಯ ಕಾಲದಲ್ಲಿ ರೂಪುಗೊಂಡ ಕಬ್ಬನ್ ಪಾರ್ಕು ಎರಡು ಊರುಗಳ ನಡುವೆ ಹಸಿರು ಬೇಲಿಯಂತೆ ನಿಂತಿತು.

1881ರಲ್ಲಿ ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗಲೂ ಬ್ರಿಟಿಷರು ದಂಡನ್ನು ಬಿಡಲಿಲ್ಲ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಅದು ರೆಸಿಡೆಂಟನ ಆಡಳಿತದಲ್ಲೇ ಉಳಿಯಿತು. ಹೀಗಾಗಿ ಮುಂದಿನ 66 ವರ್ಷ ಸೌತ್ ಪರೇಡ್ ಮೈಸೂರು ಸಂಸ್ಥಾನದ ನಡುವೆಯೇ ಇದ್ದರೂ ಸಂಸ್ಥಾನಕ್ಕೆ ಸೇರಿರಲಿಲ್ಲ. ಕಬ್ಬನ್ ಪಾರ್ಕಿನ ಒಂದು ಬದಿಗೆ ಮಹಾರಾಜರ ಸರ್ಕಾರ, ಇನ್ನೊಂದು ಬದಿಗೆ ಚಕ್ರವರ್ತಿಯ ಪ್ರತಿನಿಧಿ.

ರಸ್ತೆಯ ವೈಭವದ ಕಾಲ ಇದೇ. ಅಂಡಮಾನಿನಲ್ಲಿ 1872ರಲ್ಲಿ ಕೊಲೆಯಾದ ವೈಸ್‌ರಾಯ್ ಲಾರ್ಡ್ ಮೇಯೋನ ನೆನಪಿಗೆ ಕಟ್ಟಿದ ಮೇಯೋ ಹಾಲ್ 1883ರ ಜೂನ್ 6ರಂದು ತೆರೆಯಿತು. ಮುಂದೆ ಅಲ್ಲಿ ನ್ಯಾಯಾಲಯಗಳು ಬಂದವು. 2011ರಲ್ಲಿ ಅದರ ಮಹಡಿಯ ಮೇಲೆ ಕೆಂಪೇಗೌಡ ವಸ್ತುಸಂಗ್ರಹಾಲಯವಾಯಿತು. ಪೇಟೆ ಕಟ್ಟಿದವನ ನೆನಪು ದಂಡಿನ ಕಟ್ಟಡವೊಂದರಲ್ಲಿ, ಅದೂ ವೈಸ್‌ರಾಯ್ ಹೆಸರಿನ ಮಾಳಿಗೆಯಲ್ಲಿ ಜಾಗ ಹುಡುಕಿಕೊಂಡದ್ದು ಈ ಊರಿನ ಇತಿಹಾಸಕ್ಕೆ ಒಪ್ಪುವಂಥದ್ದೇ. ಅಂಗಡಿಗಳ ಸಾಲಿನಲ್ಲಿ ಅಧಿಕಾರಿಗಳ ಕುಟುಂಬಗಳು ಫೋಟೊ ತೆಗೆಸಿಕೊಳ್ಳುತ್ತಿದ್ದ ಬಾರ್ಟನ್ ಸನ್ ಅಂಡ್ ಕಂಪನಿ ಇತ್ತು. 1905ರಲ್ಲಿ ಮದ್ರಾಸಿನ ಹಿಗಿನ್‌ಬಾಥಮ್ಸ್ ಇಲ್ಲೊಂದು ಪುಸ್ತಕದಂಗಡಿ ತೆರೆಯಿತು. 1936ರಲ್ಲಿ ಪ್ಲಾಜಾ ಚಿತ್ರಮಂದಿರ ಬಂದು ಇಂಗ್ಲಿಷ್ ಸಿನಿಮಾಕ್ಕೆ ಮನೆಮಾತಾಯಿತು. 1896ರಲ್ಲಿ ಬೆಂಗಳೂರಿಗೆ ಬಂದ ತರುಣ ಸೇನಾಧಿಕಾರಿ ವಿನ್‌ಸ್ಟನ್ ಚರ್ಚಿಲ್ ದಂಡಿನಲ್ಲೇ ಬಂಗಲೆ ಹಿಡಿದಿದ್ದ. ಹೋಗುವಾಗ ಅಲ್ಲಿನ ಕ್ಲಬ್ಬೊಂದಕ್ಕೆ 13 ರೂಪಾಯಿ ಬಾಕಿ ಉಳಿಸಿಹೋದದ್ದನ್ನು ಆ ಕ್ಲಬ್ಬು ಇವತ್ತಿಗೂ ಹೆಮ್ಮೆಯಿಂದಲೇ ತೋರಿಸುತ್ತದೆ.

ಸಾಮ್ರಾಜ್ಯ ತನ್ನ ಗುರುತನ್ನು ಕಲ್ಲಿನಲ್ಲಿ ನಿಲ್ಲಿಸಿದ್ದು ರಸ್ತೆಯ ಪಶ್ಚಿಮ ತುದಿಯಲ್ಲಿ. 1901ರಲ್ಲಿ ತೀರಿಕೊಂಡ ವಿಕ್ಟೋರಿಯಾ ರಾಣಿಯ ಪ್ರತಿಮೆಗೆ ದಂಡಿನ ನಾಗರಿಕರು ಚಂದಾ ಎತ್ತಿದರು, ಮೈಸೂರು ಮಹಾರಾಜರೂ ಕೈಜೋಡಿಸಿದರು. ಲಂಡನ್ನಿನ ಶಿಲ್ಪಿ ಥಾಮಸ್ ಬ್ರಾಕ್ ಕಡೆದ 11 ಅಡಿಯ ಅಮೃತಶಿಲೆಯ ಪ್ರತಿಮೆಯನ್ನು 13 ಅಡಿಯ ಗ್ರಾನೈಟ್ ಪೀಠದ ಮೇಲೆ ನಿಲ್ಲಿಸಿ, 1906ರ ಫೆಬ್ರುವರಿ 5ರಂದು ವೇಲ್ಸ್ ರಾಜಕುಮಾರನ ಕೈಯಲ್ಲಿ ಅನಾವರಣ ಮಾಡಿಸಲಾಯಿತು. ಮುಂದೆ ಐದನೆಯ ಜಾರ್ಜ್ ಆಗಿ ಪಟ್ಟಕ್ಕೆ ಬಂದವನು ಈತನೇ. ಒಂದು ಕೈಯಲ್ಲಿ ರಾಜದಂಡ, ಇನ್ನೊಂದರಲ್ಲಿ ಗೋಳ ಹಿಡಿದ ರಾಣಿ ಕಬ್ಬನ್ ಪಾರ್ಕಿನ ಅಂಚಿನಲ್ಲಿ ಈಗಲೂ ಇದ್ದಾಳೆ. ದೇಶದ ಹಲವು ಊರುಗಳಲ್ಲಿ ಇಂಥ ಪ್ರತಿಮೆಗಳು ಮ್ಯೂಸಿಯಮ್ಮಿನ ಹಿತ್ತಲಿಗೋ ಗೋದಾಮಿಗೋ ಹೋದವು. ಬೆಂಗಳೂರು ಇದನ್ನು ನಿಂತಲ್ಲೇ ಬಿಟ್ಟಿತು.

ಅಧಿಕಾರದ ಹಸ್ತಾಂತರ ಎರಡು ಹಂತಗಳಲ್ಲಿ ಆಯಿತು. ದೇಶ ಸ್ವತಂತ್ರವಾಗುವುದಕ್ಕೆ ಮೂರು ವಾರ ಮೊದಲು, 1947ರ ಜುಲೈ 26ರಂದು, ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಮೈಸೂರು ಸಂಸ್ಥಾನಕ್ಕೆ ಮರಳಿತು. ಆದರೆ ಪೇಟೆ, ದಂಡುಗಳ ಎರಡು ಪುರಸಭೆಗಳು ಒಂದಾಗಿ ಬೆಂಗಳೂರು ನಗರ ಕಾರ್ಪೊರೇಷನ್ ಆದದ್ದು 1949ರಲ್ಲಿ. ರಸ್ತೆಯ ಹೆಸರು ಬದಲಾದದ್ದು ಇವೆರಡರ ನಡುವಿನ ಅವಧಿಯಲ್ಲಿ. ಊರು ಆಗಿನ್ನೂ ಒಂದಾಗಿರಲಿಲ್ಲ.

1948ರ ಜನವರಿ 30ರಂದು ದಿಲ್ಲಿಯಲ್ಲಿ ಗಾಂಧೀಜಿಯ ಹತ್ಯೆಯಾಯಿತು. ಅದಾಗಿ 27 ದಿನಕ್ಕೆ, ಫೆಬ್ರುವರಿ 26ರಂದು, ಸೌತ್ ಪರೇಡ್ ಮಹಾತ್ಮ ಗಾಂಧಿ ರಸ್ತೆಯಾಯಿತು. ಬೆಂಗಳೂರಿಗೆ ಗಾಂಧೀಜಿ ಹೊಸಬರಾಗಿರಲಿಲ್ಲ. ದಕ್ಷಿಣ ಆಫ್ರಿಕಾದಿಂದ ಮರಳಿದ 1915ರಲ್ಲೇ ಬಂದು ಗೋಖಲೆಯವರ ಭಾವಚಿತ್ರ ಅನಾವರಣ ಮಾಡಿದ್ದರು. 1927ರಲ್ಲಿ ಆರೋಗ್ಯ ಕೆಟ್ಟು ನಂದಿಬೆಟ್ಟದಲ್ಲಿ, ಆಮೇಲೆ ಕುಮಾರಕೃಪಾದಲ್ಲಿ ತಂಗಿ, ಆ ಬಿಡುವಿನಲ್ಲಿ ಇಂಪೀರಿಯಲ್ ಡೈರಿಗೆ ಹೋಗಿ ಹಸು ಸಾಕಣೆಯ ಪಾಠ ಕೇಳಿದ್ದರು. ಆದರೂ ಅವರ ನಂಟು ಹೆಚ್ಚಾಗಿ ಪೇಟೆಯ ಕಡೆಯ ಬೆಂಗಳೂರಿನೊಂದಿಗೆ. ಅವರ ಹೆಸರು ಬಂದು ಕೂತದ್ದು ದಂಡಿನ ಎದೆಯ ಮೇಲೆ, ಕೆಂಪು ಅಂಗಿಯ ಸೈನಿಕರು ಹೆಜ್ಜೆ ಹಾಕುತ್ತಿದ್ದ ಬಯಲಿನ ಮಗ್ಗುಲಿಗೆ.

ಇಂಥ ಆಯ್ಕೆ ಬೆಂಗಳೂರಿನದಷ್ಟೇ ಅಲ್ಲ. ಪುಣೆಯ ದಂಡಿನ ಮೇನ್ ಸ್ಟ್ರೀಟ್, ಸಿಕಂದರಾಬಾದಿನ ಜೇಮ್ಸ್ ಸ್ಟ್ರೀಟ್, ಕಲ್ಕತ್ತೆಯ ಹ್ಯಾರಿಸನ್ ರೋಡ್ ಇವೂ ಗಾಂಧಿಯ ಹೆಸರು ಪಡೆದವು. ಓಡಾಟ, ವ್ಯಾಪಾರ ಎಲ್ಲಿ ಹೆಚ್ಚಾಗಿತ್ತೋ ಅಲ್ಲಿಗೇ ಅವರ ಹೆಸರು ಹೋಯಿತು. ಚರಕದವನ ಹೆಸರು ಊರಿನ ಅತ್ಯಂತ ದುಬಾರಿ ಬೀದಿಗೆ ಅಂಟಿಕೊಂಡ ವಿಚಿತ್ರಕ್ಕೆ ಕಾರಣ ಇಷ್ಟೇ.

ರಾಣಿಯ ಪ್ರತಿಮೆಯಿಂದ ನಾಲ್ಕು ಹೆಜ್ಜೆಯಾಚೆ, ರಸ್ತೆ ಶುರುವಾಗುವಲ್ಲಿ ಮಹಾತ್ಮ ಗಾಂಧಿ ಉದ್ಯಾನ. ಅದರೊಳಗೆ ಗಾಂಧೀಜಿಯ ಪ್ರತಿಮೆ. ಅದೇ ಕೂಡಿನಿಂದ ದಕ್ಷಿಣಕ್ಕೆ ಹೊರಡುವ ಹಿಂದಿನ ಸಿಡ್ನಿ ರಸ್ತೆ ಈಗ ಕಸ್ತೂರಬಾ ರಸ್ತೆ. ಉತ್ತರಕ್ಕೆ ಹೋಗುವುದು ಕ್ವೀನ್ಸ್ ರಸ್ತೆ, ಅದರ ಹೆಸರು ಬದಲಾಗಿಲ್ಲ. ಸಿಗ್ನಲ್ಲಿಗೆ ನಿಂತ ಆಟೊದವನ ಎದುರಿಗೆ ಕಸ್ತೂರಬಾ, ಬಾಪು, ರಾಣಿ ಮೂವರೂ ಒಟ್ಟಿಗೇ ಇರುತ್ತಾರೆ. ಆಮೇಲೆ ಆ ಕೂಡಿಗೆ ಕ್ರಿಕೆಟ್ಟಿನ ಹೆಸರೂ ಬಂತು. 1999ರ ಫೆಬ್ರುವರಿ 7ರಂದು ದಿಲ್ಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ಪಾಕಿಸ್ತಾನದ ಒಂದೇ ಇನಿಂಗ್ಸಿನ ಹತ್ತೂ ವಿಕೆಟ್ ಕಿತ್ತ ಅನಿಲ್ ಕುಂಬ್ಳೆಯ ಹೆಸರನ್ನು, ಚಿನ್ನಸ್ವಾಮಿ ಕ್ರೀಡಾಂಗಣದ ಪಕ್ಕದ ವೃತ್ತಕ್ಕೆ ಇಡಲಾಯಿತು.

ಸುತ್ತಲಿನ ರಸ್ತೆಗಳ ಹೆಸರು ಬದಲಾವಣೆಯಲ್ಲಿ ಒಂದೇ ನಿಯಮ ಕಾಣುವುದಿಲ್ಲ. ಕ್ಯಾವಲ್ರಿ ರಸ್ತೆ ಕಾಮರಾಜ ರಸ್ತೆಯಾಯಿತು, ಗ್ರಾಂಟ್ ರಸ್ತೆ ವಿಠಲ್ ಮಲ್ಯ ರಸ್ತೆಯಾಯಿತು, ಜನ ಎರಡನ್ನೂ ಒಪ್ಪಿಕೊಂಡರು. ರೆಸಿಡೆನ್ಸಿ ರಸ್ತೆಗೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ, ರಿಚ್ಮಂಡ್ ರಸ್ತೆಗೆ ಜನರಲ್ ತಿಮ್ಮಯ್ಯನವರ ಹೆಸರಿಡಲಾಗಿದೆ. ಕೊಡಗಿನ ಈ ಇಬ್ಬರು ಸೇನಾನಿಗಳ ಮೇಲೆ ಊರಿಗೆ ಅಪಾರ ಗೌರವವಿದ್ದರೂ ಆಟೊ ಕರೆಯುವಾಗ ಬಾಯಿಗೆ ಬರುವುದು ಹಳೆಯ ಹೆಸರೇ. ಬ್ರಿಗೇಡ್, ಕಬ್ಬನ್, ಸೇಂಟ್ ಮಾರ್ಕ್ಸ್ ರಸ್ತೆಗಳನ್ನು ಯಾರೂ ಮುಟ್ಟಲಿಲ್ಲ. ಮಹಾತ್ಮ ಗಾಂಧಿ ರಸ್ತೆ ಎಂಬ ಹೆಸರು ಗೆದ್ದದ್ದು ಮೊಟಕಾಗಿ. ‘ಎಂ.ಜಿ. ರೋಡ್’ ಎಂಬ ಎರಡೂವರೆ ಮಾತಿನಲ್ಲಿ ಸೌತ್ ಪರೇಡಿನಷ್ಟೇ ಸಲೀಸು ಉಚ್ಚಾರ ಸಿಕ್ಕಿತು, ಬೀದಿ ಬಾಯಿಗೆ ಬಂತು. ಹಾಗೆ ಕರೆಯುವಾಗ ಗಾಂಧಿಯ ನೆನಪು ಎಷ್ಟು ಜನಕ್ಕೆ ಬರುತ್ತದೆ ಎಂಬುದು ಬೇರೆಯ ಮಾತು.

ಹೊಸ ಹೆಸರಿನ ಮೊದಲ ವರ್ಷವೇ ರಸ್ತೆಗೆ ಕನ್ನಡದ ಒಂದು ವಿಳಾಸವೂ ದಕ್ಕಿತು. ಫನೆಲ್ಸ್ ಎಂಬ ಬಾರ್ ಮತ್ತು ರೆಸ್ಟೊರೆಂಟ್ ಇದ್ದ ಬಂಗಲೆಯನ್ನು ಕೆ.ಎನ್. ಗುರುಸ್ವಾಮಿಯವರು ಕೊಂಡಿದ್ದರು. ಅಲ್ಲಿಂದ 1948ರ ಜೂನಿನಲ್ಲಿ ‘ಡೆಕ್ಕನ್ ಹೆರಾಲ್ಡ್’, ಅಕ್ಟೋಬರ್ 15ರಂದು ‘ಪ್ರಜಾವಾಣಿ’ ಹೊರಬಂದವು. ವಿದೇಶಿ ಮದ್ಯ ಸುರಿಯುತ್ತಿದ್ದ ಜಾಗದಲ್ಲಿ ಕನ್ನಡದ ಅಚ್ಚುಮೊಳೆಗಳ ಸದ್ದು ಕೇಳಿಸಿತು. ನಾಡಿನ ಹಳ್ಳಿಹಳ್ಳಿಯ ಓದುಗರು ‘ಮಹಾತ್ಮ ಗಾಂಧಿ ರಸ್ತೆ, ಬೆಂಗಳೂರು’ ಎಂದು ಲಕೋಟೆಯ ಮೇಲೆ ಬರೆದು ಪತ್ರ ಹಾಕತೊಡಗಿದರು. ಹೆಸರು ಪೂರ್ತಿಯಾಗಿ ಬಳಕೆಯಾಗುತ್ತಿದ್ದ ಜಾಗಗಳಲ್ಲಿ ಅಂಚೆಯೂ ಒಂದು.

ಮುಂದಿನ ನಾಲ್ಕೈದು ದಶಕ ರಸ್ತೆಯದು ನಿಧಾನದ ಬದುಕು. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಮುಂದಾಳ್ತನದಲ್ಲಿ ಕೆಲಸಗಾರರು ಸಹಕಾರ ಸಂಘ ಕಟ್ಟಿಕೊಂಡರು. ಬೆಂಗಳೂರಿನ ಸಂಘ ಶುರುವಾದದ್ದು 1957ರಲ್ಲಿ. ಅದರ ಇಂಡಿಯನ್ ಕಾಫಿ ಹೌಸ್ ಎಂ.ಜಿ. ರೋಡಿನಲ್ಲಿ ದಶಕಗಟ್ಟಲೆ ನಡೆಯಿತು. ತಲೆಗೆ ಬಿಳಿ ರುಮಾಲು, ಸೊಂಟಕ್ಕೆ ಬಣ್ಣದ ಪಟ್ಟಿ ಕಟ್ಟಿದ ಮಾಣಿ ಒಂದು ಕಾಫಿ ತಂದಿಟ್ಟರೆ ಗಿರಾಕಿ ಎಷ್ಟು ಹೊತ್ತು ಕೂತರೂ ಏಳಿ ಎನ್ನುವವರಿರಲಿಲ್ಲ. ಪತ್ರಕರ್ತರು, ವಕೀಲರು, ನಿವೃತ್ತರು, ಕೆಲಸ ಹುಡುಕುವ ಹುಡುಗರು ಎಲ್ಲರಿಗೂ ಅಲ್ಲಿ ಒಂದು ಮೂಲೆ ಇತ್ತು. 2009ರಲ್ಲಿ ಅದು ಚರ್ಚ್ ಸ್ಟ್ರೀಟಿಗೆ ಹೋಯಿತು.

ಲೇಕ್ ವ್ಯೂ ಮಿಲ್ಕ್ ಬಾರಿನ ಕತೆ ಇನ್ನೊಂದು ಬಗೆಯದು. 1930ರಲ್ಲಿ ಹಲಸೂರು ಕೆರೆಯ ಪಕ್ಕ ಕೆನ್ಸಿಂಗ್ಟನ್ ರಸ್ತೆಯಲ್ಲಿ ಶುರುವಾದ ಅಂಗಡಿಗೆ ಆ ಹೆಸರು ಸಹಜವೇ. ಎಂ.ಜಿ. ರೋಡಿಗೆ ಬಂದ ಮೇಲೆ ಕೆರೆ ಹಿಂದೆ ಉಳಿಯಿತು, ಹೆಸರು ಜೊತೆಗೆ ಬಂತು. ಐಸ್‌ಕ್ರೀಮ್ ತಿನ್ನಲು ಬಂದವರು ಕೆರೆ ಎಲ್ಲಿ ಎಂದು ಕೇಳಲಿಲ್ಲ.

ಎತ್ತರದ ಕಟ್ಟಡ ಮೊದಲು ಬಂದದ್ದು 1970ರ ದಶಕದಲ್ಲಿ. 25 ಅಂತಸ್ತಿನ ಪಬ್ಲಿಕ್ ಯುಟಿಲಿಟಿ ಕಟ್ಟಡಕ್ಕೆ ಸುಭಾಷ್ ಚಂದ್ರ ಬೋಸರ ಹೆಸರಿದ್ದರೂ ಊರಿಗೆಲ್ಲ ಅದು ‘ಯುಟಿಲಿಟಿ ಬಿಲ್ಡಿಂಗ್’. ಬಹಳ ಕಾಲ ಬೆಂಗಳೂರಿನ ಅತಿ ಎತ್ತರದ ಕಟ್ಟಡ ಅದೇ. ಪರ ಊರಿನಿಂದ ಬಂದವರು ಕತ್ತೆತ್ತಿ ಅಂತಸ್ತು ಎಣಿಸುತ್ತಿದ್ದರು. ಬ್ರಿಗೇಡ್ ರಸ್ತೆ ಕೂಡುವ ಮೂಲೆಯ ಕಾವೇರಿ ಕರಕುಶಲ ಮಳಿಗೆ ಗಂಧದ ಕೆತ್ತನೆ ಕೊಳ್ಳುವವರಿಗೆ ಗುರುತಾಯಿತು. ಅದೇ ಮೂಲೆ ಡಿಸೆಂಬರ್ 31ರ ರಾತ್ರಿ ಹೊಸ ವರ್ಷದ ಜನಜಂಗುಳಿಗೂ ಗುರುತು.

ಈ ಹೊತ್ತಿಗೆಲ್ಲ ಉತ್ತರದ ಮಗ್ಗುಲು ಖಾಲಿಯಾಗಿಯೇ ಇತ್ತು. ಮೈದಾನದ ಅಂಚಿನ ಉದ್ದಕ್ಕೂ ಮರಗಳ ನೆರಳಿನ ಕಾಲುದಾರಿ, ಕಾಗದದ ಹೂವಿನ ಬಳ್ಳಿ, ಕೂರಲು ಜಗುಲಿ. ಬೂಲೆವಾರ್ಡ್ ಎಂದು ಹೆಸರಾದ ಆ ದಾರಿಯಲ್ಲಿ ದುಡ್ಡಿಲ್ಲದವರೂ ಎಂ.ಜಿ. ರೋಡನ್ನು ಅನುಭವಿಸಬಹುದಿತ್ತು. ಮುಂದೆ ಅದಕ್ಕೆ ಮುಳುವಾದದ್ದು ಈ ಖಾಲಿ ಜಾಗವೇ. 2006ರ ಜೂನ್ 24ರಂದು ಪ್ರಧಾನಿ ಮನಮೋಹನ್ ಸಿಂಗ್ ಅಡಿಗಲ್ಲು ಹಾಕಿದ ನಮ್ಮ ಮೆಟ್ರೋದ ಮೊದಲ ಮಾರ್ಗ ಈ ರಸ್ತೆಯ ಮೇಲೆ ಹಾಯಬೇಕಿತ್ತು. ದಕ್ಷಿಣದಲ್ಲಿ ಕಟ್ಟಡಗಳ ಗೋಡೆ, ಉತ್ತರದಲ್ಲಿ ಬೂಲೆವಾರ್ಡ್. ಕಂಬಗಳು ಉತ್ತರಕ್ಕೆ ಬಂದವು, ಮರಗಳು ಉರುಳಿದವು. ಊರಿನ ಪರಿಸರಪ್ರಿಯರ ಪ್ರತಿಭಟನೆ ಕೆಲಸವನ್ನು ತಡೆಯಲಿಲ್ಲ. ನಿಲ್ದಾಣಕ್ಕಾಗಿ ಪ್ಲಾಜಾ ಚಿತ್ರಮಂದಿರವೂ ನೆಲಸಮವಾಯಿತು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಇಲ್ಲಿಗೆ ಓಡಿದ್ದು ದಕ್ಷಿಣ ಭಾರತದ ಮೊದಲ ಮೆಟ್ರೋ ರೈಲು. 2013ರಲ್ಲಿ ಮೇಲ್ಸೇತುವೆಯ ಅಡಿಯಲ್ಲಿ ಬೂಲೆವಾರ್ಡನ್ನು ಮರಳಿ ಕಟ್ಟಿ, ರಂಗೋಲಿ ಮೆಟ್ರೋ ಕಲಾ ಕೇಂದ್ರ ಎಂದು ತೆರೆಯಲಾಯಿತು. ಅಲ್ಲಿ ಈಗ ಚಿತ್ರಪ್ರದರ್ಶನಗಳು ನಡೆಯುತ್ತವೆ. ನೆರಳು ಮಾತ್ರ ಮರದ್ದಲ್ಲ, ಕಾಂಕ್ರೀಟಿನದು.

2016ರ ಏಪ್ರಿಲ್ ಕೊನೆಯಲ್ಲಿ ಮಾರ್ಗ ಪಶ್ಚಿಮಕ್ಕೆ ಮುಂದುವರಿಯಿತು. ಎಂ.ಜಿ. ರೋಡ್ ನಿಲ್ದಾಣ ಬಿಟ್ಟ ರೈಲು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಇಳಿಜಾರಿನಲ್ಲಿ ನೆಲದೊಳಕ್ಕೆ ಹೊಕ್ಕು, ಕಬ್ಬನ್ ಪಾರ್ಕ್, ವಿಧಾನಸೌಧ ದಾಟಿ ಮೆಜೆಸ್ಟಿಕ್ ಸೇರುತ್ತದೆ. ದಂಡಿನಿಂದ ಪೇಟೆಯ ಬಾಗಿಲಿಗೆ ಈಗ ಹತ್ತು ನಿಮಿಷದ ಹಾದಿ.

ಗಾಂಧಿಯ ಹೆಸರು ಹಾಗೂ ಬಾರುಗಳ ಸಹವಾಸ ಹಳೆಯ ಹಾಸ್ಯದ ವಸ್ತು. ಅದು ಒಮ್ಮೆ ಕಾನೂನಿನ ವಿಷಯವೂ ಆಯಿತು, ಆದರೆ ಗಾಂಧಿಯ ಕಾರಣಕ್ಕಲ್ಲ. ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದೆಂದು 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿತು. ಹಳೆ ಮದ್ರಾಸ್ ರಸ್ತೆಯ ಮುಂದುವರಿಕೆಯಾದ ಎಂ.ಜಿ. ರೋಡ್ ಕಾಗದದ ಮೇಲೆ ರಾಷ್ಟ್ರೀಯ ಹೆದ್ದಾರಿಯೂ ಆಗಿತ್ತು. ಈ ಮೂರನೆಯ ಗುರುತು ರಸ್ತೆಯವರಿಗೆ ಮರೆತೇ ಹೋಗಿತ್ತು. 2017ರ ಜುಲೈ ಮೊದಲಿಗೆ ಎಂ.ಜಿ. ರೋಡ್, ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟುಗಳ ಬಾರುಗಳ ಬಾಗಿಲು ಹಾಕಿತು. ನಗರದೊಳಗಿನ ರಸ್ತೆಗಳಿಗೆ ಆದೇಶ ಅಡ್ಡಿಯಲ್ಲ ಎಂದು ನ್ಯಾಯಾಲಯ ಅದೇ ತಿಂಗಳು ಸ್ಪಷ್ಟಪಡಿಸಿದ ಮೇಲೆ ಬೀದಿಗೆ ಮತ್ತೆ ಕಳೆ ಬಂತು.

ಪರೇಡ್ ಮೈದಾನಕ್ಕೆ ಈಗ ಫೀಲ್ಡ್ ಮಾರ್ಷಲ್ ಮಾಣೆಕ್ ಷಾ ಅವರ ಹೆಸರಿದೆ. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನಗಳಂದು ಕವಾಯತು ಅಲ್ಲೇ ನಡೆಯುತ್ತದೆ. ಮೈದಾನದ ಮೂಲೆಯಲ್ಲಿ, ಒಂದು ಕಾಲದ ಕ್ಯಾವಲ್ರಿ ರಸ್ತೆಯ ಅಡಿಯಲ್ಲಿ, ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಹೋಗುವ ಗುಲಾಬಿ ಮಾರ್ಗದ ಸುರಂಗ ನಿಲ್ದಾಣಕ್ಕೆ ಜಾಗ ತೋಡಲಾಗಿದೆ. ಅದಕ್ಕೆಂದು 2019ರಲ್ಲಿ ಕಾಮರಾಜ ರಸ್ತೆಯ ಒಂದು ಭಾಗವನ್ನು ಮುಚ್ಚಲಾಯಿತು. ಮೇಲಿನ ನೇರಳೆ ಮಾರ್ಗವನ್ನು ಅದು ಕೂಡುವುದು ಇಲ್ಲಿಯೇ. ನಿಲ್ದಾಣದ ಫಲಕದ ಮೇಲೆ ಹೆಸರನ್ನು ಮೊಟಕು ಮಾಡದೆ ‘ಮಹಾತ್ಮ ಗಾಂಧಿ ರಸ್ತೆ’ ಎಂದೇ ಬರೆದಿದೆ.